ಓದುಗರ ಪ್ರಶ್ನೆ: ಮನಸ್ಸು ಎತ್ತ ಹೋಯಿತು?

ಗಮನ ಎಂದರೇನು, ಮನಸ್ಸು ಹೇಗೆ ಅಲೆಯುತ್ತದೆ ಎಂಬುದನ್ನು ಜನ ಮುಟ್ಟಿ, ಕೇಳಿ, ಮೂಸಿ ಅನುಭವಿಸುವಂಥ ಕೋಣೆಗಳನ್ನೂ ಆಟಗಳನ್ನೂ ಕಟ್ಟುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವು ಕಾಸರಗೋಡಿನ ಕಡೆಯವು. ಒಂದು ತಾಳವಾಡಿಯಿಂದ, ಇನ್ನೊಂದು ಅಕ್ಕಲಕೋಟೆಯಿಂದ ಬಂದಿದೆ.

ಪ್ರಶ್ನೆ: ನಮ್ಮ ಶಾಲೆಯ ವಿಜ್ಞಾನಮೇಳಕ್ಕೆ ‘ಗಮನ’ ಎಂಬ ವಿಷಯದ ಮೇಲೆ ಒಂದು ತರಗತಿ ಕೋಣೆಯನ್ನು ಸಜ್ಜುಗೊಳಿಸಬೇಕೆಂದಿದ್ದೇವೆ. ಖರ್ಚು ಎರಡು ಸಾವಿರ ರೂಪಾಯಿ ದಾಟಬಾರದು. ಬಣ್ಣದ ದೀಪ, ಪ್ರೊಜೆಕ್ಟರ್, ಸಂಗೀತ ಇಡೋಣವೆಂದು ಮಕ್ಕಳು ಹೇಳುತ್ತಿದ್ದಾರೆ. ಸರಿಯೇ?
— ಪ್ರೌಢಶಾಲಾ ಶಿಕ್ಷಕಿ, ಬದಿಯಡ್ಕ

ಉತ್ತರ: ಟೀಚರೇ, ದೀಪ, ಸಂಗೀತ ಎರಡನ್ನೂ ಬಿಟ್ಟುಬಿಡಿ. ಕಣ್ಣು ಕುಕ್ಕುವ ವಸ್ತು ಗಮನವನ್ನು ತಾನೇ ಎಳೆದುಕೊಳ್ಳುತ್ತದೆ. ಎಳೆಯಲ್ಪಟ್ಟವನಿಗೆ ತನ್ನ ಮನಸ್ಸು ಏನು ಮಾಡುತ್ತಿದೆ ಎಂದು ನೋಡಲು ಬಿಡುವೇ ಇರುವುದಿಲ್ಲ. ನಿಮ್ಮ ಕೋಣೆ ಮನಸ್ಸಿಗೆ ಜಾರಿಹೋಗಲು ಜಾಗ ಕೊಡಬೇಕು. ಜಾರಿದ್ದು ಅವರಿಗೇ ಗೊತ್ತಾಗುವಂತೆ ಒಂದು ಗುರುತು ಇಡಬೇಕು. ಅದಕ್ಕೆ ಬೇಸರ ಬರುವಷ್ಟು ಒಂದೇ ಥರದ ಸದ್ದು ಬೇಕು. ನಮ್ಮೂರಿನಲ್ಲಿ ಅದಕ್ಕೆ ಬರವಿಲ್ಲ: ನೀರಿನ ಹನಿ.

ಔಷಧಿ ಅಂಗಡಿಯಲ್ಲಿ ಗ್ಲೂಕೋಸ್ ಹಾಕುವ ಹೊಸ ಡ್ರಿಪ್ ಸೆಟ್ ಒಂದು ತನ್ನಿ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ 1 ಮಿಲಿಲೀಟರ್. ನಳಿಗೆಯ ಮೇಲಿನ ಪುಟ್ಟ ಉರುಳೆಯನ್ನು ತಿರುಗಿಸಿ ಎರಡು ಸೆಕೆಂಡಿಗೊಂದು ಹನಿ ಬೀಳುವಂತೆ ಹೊಂದಿಸಿದರೆ ಗಂಟೆಗೆ 90 ಮಿಲಿಲೀಟರ್ ಆಯಿತು; ದಿನವಿಡೀ ಒಂದು ಲೀಟರ್ ಧಾರಾಳ. ಆದರೆ ನೀರನ್ನು ಬಾಟಲಿಯಲ್ಲಿ ಇಡಬೇಡಿ. ಮಟ್ಟ ಇಳಿದಂತೆ ಒತ್ತಡ ಕಡಿಮೆಯಾಗಿ ಹನಿ ನಿಧಾನವಾಗುತ್ತದೆ. ಅಗಲ ಬಾಯಿಯ ಬೇಸಿನ್ನಿನಲ್ಲಿ ನೀರು ತುಂಬಿಸಿ, ನಳಿಗೆಯನ್ನು ಅಂಚಿನಿಂದ ಇಳಿಬಿಟ್ಟು ಒಮ್ಮೆ ಎಳೆದು ನೀರು ಹರಿಯಲು ಬಿಟ್ಟರೆ ಮಟ್ಟ ಹೆಚ್ಚು ಬದಲಾಗುವುದಿಲ್ಲ. ಹನಿ ಎರಡಡಿ ಕೆಳಗೆ ಓರೆಯಾಗಿ ಕಟ್ಟಿದ ಅಡಕೆ ಹಾಳೆಯ ಮೇಲೆ ಬೀಳಲಿ. ಸ್ಟೀಲ್ ತಟ್ಟೆಯ ‘ಟಿಣ್’ ತೀರಾ ಚುರುಕು, ಮನಸ್ಸನ್ನು ಅಲುಗಾಡಲು ಬಿಡುವುದಿಲ್ಲ. ಹಾಳೆಯ ‘ಟಪ್’ ಮೆದು. ನೆನೆದ ಹಾಳೆ ಮೆತ್ತಗಾಗಿ ಸದ್ದು ಮಂಕಾಗುವುದರಿಂದ ಮೂರು ಹಾಳೆ ಇಟ್ಟುಕೊಂಡು ಬದಲಿಸುತ್ತಿರಿ. ಕೆಳಗಿನ ಬಕೆಟ್ಟಿನಲ್ಲಿ ಬಟ್ಟೆ ಹಾಸಲು ಮರೆಯಬೇಡಿ. ಇಲ್ಲದಿದ್ದರೆ ಇನ್ನೊಂದು ಹನಿಯ ಸದ್ದು ಸೇರಿಕೊಂಡು ಎಣಿಕೆ ಕೆಡುತ್ತದೆ.

ಒಂದು ಸಲಕ್ಕೆ ಆರು ಜನ, ಒಬ್ಬೊಬ್ಬರ ಮುಂದೆ ಮೂರು ಗೆರಟೆ (ತೆಂಗಿನ ಚಿಪ್ಪು), ಐದು ಚಾಲಿ ಅಡಕೆ (ಒಣಗಿಸಿ ಸುಲಿದ ಅಡಕೆ). ಅವರು ಕಣ್ಣು ಮುಚ್ಚಿ ಹನಿಗಳನ್ನು ಒಂದರಿಂದ ಹತ್ತರವರೆಗೆ ಎಣಿಸುತ್ತಾರೆ, ಮತ್ತೆ ಒಂದರಿಂದ. ನಡುವೆ ಗಂಟೆ ಹೊಡೆದಾಗ ಒಂದು ಅಡಕೆಯನ್ನು ಗೆರಟೆಗೆ ಹಾಕಬೇಕು. ಮೊದಲನೆಯದು ‘ಹನಿಯಲ್ಲೇ ಇದ್ದೆ’. ಎರಡನೆಯದು ‘ಬೇರೆಲ್ಲೋ ಇದ್ದೆ, ಗೊತ್ತಿತ್ತು’. ಮೂರನೆಯದು ‘ಬೇರೆಲ್ಲೋ ಇದ್ದೆ, ಗಂಟೆ ಹೊಡೆದ ಮೇಲೆಯೇ ಗೊತ್ತಾಯಿತು’. ಈ ಮೂರನೆಯ ಗೆರಟೆಗಾಗಿಯೇ ಇಷ್ಟೆಲ್ಲ ಏರ್ಪಾಡು. ಕಣ್ಣು ತೆರೆಯದೆ ಗುರುತು ಹಿಡಿಯುವಂತೆ ಎರಡನೆಯದರ ಕಂಠಕ್ಕೆ ಹುರಿಹಗ್ಗ, ಮೂರನೆಯದಕ್ಕೆ ಬಟ್ಟೆ ಸುತ್ತಿ, ಮೊದಲನೆಯದು ನುಣುಪಾಗಿರಲಿ. ತಳದಲ್ಲಿ ಸ್ವಲ್ಪ ತೆಂಗಿನ ನಾರು ಹಾಕಿ. ಪಕ್ಕದವನ ಅಡಕೆ ಎಲ್ಲಿ ಬಿತ್ತೆಂದು ಕೇಳಿಸಿದರೆ ಮಕ್ಕಳು ನಾಚಿ ಸುಳ್ಳು ಹಾಕುತ್ತಾರೆ.

ಗಂಟೆಯನ್ನು ಸಮ ಅಂತರದಲ್ಲಿ ಹೊಡೆಯಲೇಬಾರದು. ಹೊಡೆದರೆ ಎಲ್ಲರೂ ಹನಿಯನ್ನು ಬಿಟ್ಟು ಗಂಟೆಗೆ ಕಾಯುತ್ತಾರೆ. ಆರಂಭದಿಂದ 55, 130, 175, 265, 340ನೇ ಸೆಕೆಂಡಿಗೆ ಹೊಡೆಯಿರಿ. ಇಂಥ ಮೂರು ಪಟ್ಟಿ ಮಾಡಿಕೊಂಡು ತಂಡದಿಂದ ತಂಡಕ್ಕೆ ಬದಲಿಸಿ. ಹೊರಗೆ ಸಾಲಿನಲ್ಲಿ ನಿಂತವರಿಗೂ ಗಂಟೆ ಕೇಳುತ್ತದೆ. ಅಡಕೆಗಳ ಮೇಲೆ ವೈಟ್ನರಿನಲ್ಲಿ 1ರಿಂದ 5 ಬರೆದು, ಆ ಕ್ರಮದಲ್ಲೇ ಕೈಗೆತ್ತಿಕೊಳ್ಳುವಂತೆ ಮೇಜಿನ ಮೇಲೆ ಸಾಲಾಗಿ ಇಡಿ. ಆಗ ಎಷ್ಟನೇ ಗಂಟೆಗೆ ಎಷ್ಟು ಜನ ಅಲೆಯುತ್ತಿದ್ದರೆಂದು ಲೆಕ್ಕ ಸಿಗುತ್ತದೆ. ಒಂದೇ ಕೆಲಸದಲ್ಲಿ ಹೊತ್ತು ಕಳೆದಂತೆ ಅಲೆದಾಟ ಹೆಚ್ಚುವುದು ಸಾಮಾನ್ಯ. ಎರಡನೇ ಮಹಾಯುದ್ಧದ ರಾಡಾರ್ ಕಾವಲುಗಾರರ ಸಮಸ್ಯೆಯನ್ನು ಬೆನ್ನುಹತ್ತಿದ ನಾರ್ಮನ್ ಮ್ಯಾಕ್‌ವರ್ತ್, ಮೊದಲ ಅರ್ಧ ಗಂಟೆಯಲ್ಲೇ ಎಚ್ಚರ ಕುಸಿಯುವುದನ್ನು 1948ರಲ್ಲಿ ಪ್ರಕಟಿಸಿದರು.

ಚಾಲಿಯ ಬೆಲೆ ನಿಮಗೆ ಗೊತ್ತೇ ಇದೆ. 30 ಅಡಕೆ ಸಾಕು, ಪ್ರತಿ ತಂಡದ ನಂತರ ಎಣಿಸಿ ಮರುಬಳಸಿ. ಬಾಗಿಲ ಬಳಿ ಮೂರು ಗಾಜಿನ ಭರಣಿ ಇಟ್ಟು, ಒಂದು ಅಡಕೆಗೆ ಒಂದರಂತೆ ಹುಣಸೆಬೀಜ ಹಾಕುತ್ತಾ ಹೋಗಿ. ಸಂಜೆಯ ಹೊತ್ತಿಗೆ ಇಡೀ ಊರಿನ ಮನಸ್ಸು ಎಲ್ಲೆಲ್ಲಿತ್ತು ಎಂಬುದು ಭರಣಿಯಲ್ಲಿ ಕಾಣುತ್ತದೆ. ಗುಲಗಂಜಿ ಚಂದವೆಂದು ಅದನ್ನು ತರಬೇಡಿ. ಅದು ವಿಷ, ಚಿಕ್ಕ ಮಕ್ಕಳು ಬಾಯಿಗೆ ಹಾಕುತ್ತಾರೆ.

ಬಂದವರನ್ನು ಒಳಗೆ ಬಿಡುವ ಮಕ್ಕಳು ‘ಚೆನ್ನಾಗಿ ಗಮನ ಕೊಡಿ’ ಎಂದು ಹೇಳಕೂಡದು. ‘ಮನಸ್ಸು ಹೋದರೆ ತಪ್ಪಲ್ಲ, ಗಂಟೆ ಹೊಡೆದಾಗ ಎಲ್ಲಿದ್ದಿರೆಂದು ನೋಡಿ’ ಎನ್ನಲಿ. ಕಿಟಕಿ ಅರ್ಧ ಮುಚ್ಚಿದರೆ ಸಾಕು, ಬಾಗಿಲು ತೆರೆದಿರಲಿ. ಕತ್ತಲಲ್ಲಿ ಸುಮ್ಮನೆ ಕೂರುವುದು ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ನಡುವೆ ಎದ್ದುಹೋಗಬಹುದೆಂದು ಮೊದಲೇ ಹೇಳಿಬಿಡಿ.

ಪ್ರಶ್ನೆ: ನಾಟಕ, ಯಕ್ಷಗಾನಗಳಿಗೆ ಧ್ವನಿವರ್ಧಕ ನೋಡಿಕೊಳ್ಳುತ್ತೇನೆ. ರಾತ್ರಿ ಆಟದಲ್ಲಿ ಜನ ತೂಕಡಿಸುತ್ತಾರೆ, ಚೆಂಡೆ ಬಿದ್ದ ಕೂಡಲೇ ನೆಟ್ಟಗಾಗುತ್ತಾರೆ. ಇದನ್ನೇ ಹೆಡ್‌ಫೋನಿನಲ್ಲಿ ಕೇಳುವ ಅನುಭವವಾಗಿ ಮಾಡಬಹುದೇ?
— ಮಂಜೇಶ್ವರ

ಉತ್ತರ: ಚೆಂಡೆಯನ್ನು ಒಮ್ಮೆ ಬಳಸಬಹುದು, ಮೂರನೇ ಸಲಕ್ಕೆ ಅದರ ಮೊನಚು ಹೋಗುತ್ತದೆ. ಹಠಾತ್ ಸದ್ದಿಗೆ ತಲೆ ತಿರುಗುವುದು ದೇಹದ ಕೆಲಸ, ಅದರಲ್ಲಿ ಕೇಳುಗ ಕಂಡುಕೊಳ್ಳುವುದು ಕಡಿಮೆ. ನಿಮ್ಮ ಊರಿಗೆ ಇದಕ್ಕಿಂತ ಒಳ್ಳೆಯದೊಂದು ಇದೆ.

1953ರಲ್ಲಿ ಕಾಲಿನ್ ಚೆರ್ರಿ ಎಂಬ ಸಂಶೋಧಕರು ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿ, ಒಂದು ಕಿವಿಯದನ್ನು ಕೇಳಿದ ಹಾಗೇ ಬಾಯಲ್ಲಿ ಹೇಳಿಸಿದರು. ಇನ್ನೊಂದು ಕಿವಿಯ ಮಾತು ಇಂಗ್ಲಿಷಿನಿಂದ ಜರ್ಮನ್ನಿಗೆ ಬದಲಾದರೂ ಕೇಳುಗರಿಗೆ ಅದು ಗೊತ್ತಾಗಲಿಲ್ಲ. ಆದರೆ ಗಂಡು ದನಿ ಹೆಣ್ಣು ದನಿಯಾದರೆ ಗೊತ್ತಾಗುತ್ತಿತ್ತು. ಬೆಳಗ್ಗೆಯಿಂದ ಸಂಜೆಯೊಳಗೆ ಕನ್ನಡ, ತುಳು, ಮಲಯಾಳ ಮೂರನ್ನೂ ಆಡುವ ಜನರ ಕಿವಿಗೆ ಇದನ್ನೇ ಕೊಟ್ಟು ನೋಡಿ.

ಬಲ ಚಾನೆಲಿಗೆ 90 ಸೆಕೆಂಡಿನ ಕನ್ನಡ ಗದ್ಯ. ಅಡಕೆ ಒಣಗಿಸುವ ಕ್ರಮದಂಥ ನೇರ ವಿವರಣೆ ಸಾಕು, ಅಭಿನಯ ಬೇಡ. ನಮ್ಮ ಪದಗಳು ಉದ್ದ, ಹಿಂಬಾಲಿಸಿ ಹೇಳುವವರು ಸೋಲುತ್ತಾರೆ. ಆದ್ದರಿಂದ ನಿಮಿಷಕ್ಕೆ 80 ಪದ ದಾಟದಂತೆ ಓದಿಸಿ. ಎಡ ಚಾನೆಲಿಗೆ ಅದೇ ವ್ಯಕ್ತಿಯ ದನಿಯಲ್ಲಿ 30 ಸೆಕೆಂಡು ಕನ್ನಡ, ಮುಂದಿನ 30 ಮಲಯಾಳ ಅಥವಾ ತುಳು, ಕೊನೆಗೆ ಮತ್ತೆ ಕನ್ನಡ. ಓದುವವರು ಎರಡೂ ಭಾಷೆಯನ್ನು ತಡವರಿಸದೆ ಆಡುವವರಾಗಿರಬೇಕು, ದನಿಯ ಏರಿಳಿತ ಬದಲಾದರೆ ಗುಟ್ಟು ಬಯಲಾಗುತ್ತದೆ. ಆಡಾಸಿಟಿ ಎಂಬ ಧ್ವನಿ ಸಂಕಲನ ತಂತ್ರಾಂಶದಲ್ಲಿ ಎರಡರ ಗಟ್ಟಿತನ ಸಮ ಮಾಡಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಳ್ಳಿ ಸ್ಟೀರಿಯೊ ಕಡತವಾಗಿ ಉಳಿಸಿ.

ಕೆಡುವುದು ಇಲ್ಲಿ: ಕೆಲವು ಫೋನುಗಳಲ್ಲಿ ‘ಮೋನೊ ಆಡಿಯೊ’ ಆಯ್ಕೆ ಚಾಲೂ ಇರುತ್ತದೆ, ಆಗ ಎರಡೂ ಮಾತು ಎರಡೂ ಕಿವಿಗೆ ಬೆರೆತು ಬರುತ್ತದೆ. ಫೋನಿನ ಬದಲು ಡಿಎಫ್ ಪ್ಲೇಯರ್ ಮಿನಿ (ಮೆಮೊರಿ ಕಾರ್ಡಿನಿಂದ ಧ್ವನಿ ನುಡಿಸುವ ಪುಟ್ಟ ಎಲೆಕ್ಟ್ರಾನಿಕ್ ಹಲಗೆ) ಬಳಸುವುದಾದರೆ ಸ್ಪೀಕರಿನ ಎರಡು ಕಾಲುಗಳಿಂದ ತಂತಿ ಎಳೆಯಬೇಡಿ, ಅದು ಮೋನೊ. ಡ್ಯಾಕ್ ಎಲ್ (ಎಡ), ಡ್ಯಾಕ್ ಆರ್ (ಬಲ) ಮತ್ತು ಗ್ರೌಂಡ್ ಎಂಬ ಕಾಲುಗಳಿಂದ ಹೆಡ್‌ಫೋನ್ ಆಂಪ್ಲಿಫೈಯರಿಗೆ ಕೊಡಿ. ಕಾರ್ಡು 32 ಜಿಬಿ ಮೀರಬಾರದು. ‘ಎಂಪಿ3’ ಹೆಸರಿನ ಫೋಲ್ಡರಿನಲ್ಲಿ ಕಡತಗಳಿಗೆ 0001, 0002 ಎಂದು ಹೆಸರಿಟ್ಟು ಆ ಸಂಖ್ಯೆಯಿಂದಲೇ ಕರೆಯಿರಿ. ಇಲ್ಲದಿದ್ದರೆ ಕಾರ್ಡಿಗೆ ನಕಲು ಮಾಡಿದ ಕ್ರಮದಲ್ಲಿ ನುಡಿಸುತ್ತದೆ. ಎಡ, ಬಲ ಅದಲುಬದಲಾಗಿಲ್ಲವೆಂದು ಪ್ರತಿ ಬೆಳಗ್ಗೆ ಕೇಳಿ ನೋಡಿ.

ಮುಗಿದ ಮೇಲೆ ‘ಎಡಗಿವಿಯಲ್ಲಿ ಏನಿತ್ತು?’ ಎಂದಷ್ಟೇ ಕೇಳಿ. ‘ಮಲಯಾಳ ಕೇಳಿತೇ?’ ಎಂದರೆ ಅರ್ಧ ಜನ ಹೌದೆನ್ನುತ್ತಾರೆ. ಆಮೇಲೆ ಅದೇ ಧ್ವನಿಯನ್ನು ಏನನ್ನೂ ಹೇಳಿಸದೆ ಎರಡನೇ ಸಲ ಕೇಳಿಸಿ. ಈಗ ಎಡಗಿವಿಯ ಮಲಯಾಳ ಢಾಳಾಗಿ ಕೇಳುತ್ತದೆ, ‘ಇದು ಆಗ ಇರಲಿಲ್ಲ’ ಎಂದು ವಾದಕ್ಕೆ ನಿಲ್ಲುವವರೂ ಇರುತ್ತಾರೆ. ಅನುಭವದ ಜೀವ ಈ ಎರಡನೇ ಕೇಳುವಿಕೆಯಲ್ಲಿದೆ, ಸಾಲು ಉದ್ದವಿದೆಯೆಂದು ಅದನ್ನು ಕಡಿತ ಮಾಡಬೇಡಿ. ಬಂದವರ ಹೆಸರನ್ನೇ ಎಡಗಿವಿಯಲ್ಲಿ ಸೇರಿಸುವುದೂ ಸಾಧ್ಯ. ನೆವಿಲ್ ಮೊರೆ 1959ರಲ್ಲಿ ಹಾಗೆ ಮಾಡಿದಾಗ ಸುಮಾರು ಮೂರರಲ್ಲೊಂದು ಪಾಲು ಜನ ತಮ್ಮ ಹೆಸರನ್ನು ಗುರುತಿಸಿದರು.

ಪ್ರಶ್ನೆ: ಮುರಕಲ್ಲಿನ ಮೇಲೆ ಕೈ ಇಟ್ಟರೆ ಸಮುದ್ರದ ಸದ್ದು, ಕೈ ತೆಗೆದರೆ ಮೌನ. ಎಂಪಿಆರ್ 121 ಸ್ಪರ್ಶ ಸಂವೇದಕ ಹಾಕಿದ್ದೇವೆ. ಏಪ್ರಿಲಿನಲ್ಲಿ ಚೆನ್ನಾಗಿತ್ತು. ಜುಲೈಯಲ್ಲಿ ಯಾರೂ ಮುಟ್ಟದೆ ತಾನೇ ಕೂಗುತ್ತದೆ.
— ಉಪ್ಪಳ

ಉತ್ತರ: ಮುರಕಲ್ಲು ತೂತು ತೂತಾದ ಕಲ್ಲು, ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ. ಒದ್ದೆ ಕಲ್ಲು ವಿದ್ಯುತ್ತಿನ ಮಟ್ಟಿಗೆ ದೊಡ್ಡದೊಂದು ಅಂಗೈಯಂತೆ ವರ್ತಿಸುತ್ತದೆ. ಸಂವೇದಕಕ್ಕೆ ಕೈಗೂ ಕಲ್ಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಬೆಳಗ್ಗೆ ಸ್ವಿಚ್ ಹಾಕುವಾಗ ಯಾರಾದರೂ ಕಲ್ಲು ಮುಟ್ಟಿಕೊಂಡಿದ್ದರೆ ಅದನ್ನೇ ಮೂಲ ಮಟ್ಟವೆಂದು ಹಿಡಿಯುವ ಅಪಾಯವೂ ಇದೆ. ಸಂವೇದಕದಿಂದ ಕಲ್ಲಿಗೆ ಹೋಗುವ ತಂತಿ ಒಂದಡಿಗಿಂತ ಉದ್ದವಿದ್ದರೆ, ಅಗ್ಗದ ಎರಡು ಪಿನ್ನಿನ ಚಾರ್ಜರ್ ಇದ್ದರೆ ಇನ್ನಷ್ಟು ಗಲಿಬಿಲಿ. ಪವರ್ ಬ್ಯಾಂಕಿಗೆ ಹಾಕಿ ನೋಡಿದರೆ ಚಾರ್ಜರಿನ ತಪ್ಪೋ ಅಲ್ಲವೋ ಎಂದು ಕೂಡಲೇ ತಿಳಿಯುತ್ತದೆ. ಆದರೆ ಬಳಕೆ ತೀರಾ ಕಡಿಮೆಯಾದರೆ ಎಷ್ಟೋ ಪವರ್ ಬ್ಯಾಂಕುಗಳು ತಾವೇ ಆರಿಹೋಗುತ್ತವೆ, ಜೊತೆಗೆ ಸಣ್ಣ ಬಲ್ಬೊಂದನ್ನು ಉರಿಸಿಡಿ.

ಮಳೆಗಾಲಕ್ಕೆ ಈ ಸಂವೇದಕವನ್ನೇ ಬಿಡುವುದು ಲೇಸು. ಪೀಜೊ ಬಿಲ್ಲೆ ಹಾಕಿ ಎನ್ನುವವರಿದ್ದಾರೆ; ಅದು ತಟ್ಟಿದ್ದನ್ನು ಹಿಡಿಯುತ್ತದೆ, ಇಟ್ಟ ಕೈಯನ್ನು ಹಿಡಿಯುವುದಿಲ್ಲ. ನಿಮ್ಮ ವಿನ್ಯಾಸದ ಸೊಗಸೆಲ್ಲ ಕೈ ಇಟ್ಟು ಮರೆತುಬಿಡುವುದರಲ್ಲಿದೆ. ಕಲ್ಲನ್ನು ಹಲಗೆಯ ಮೇಲೆ ಕೂರಿಸಿ, ಹಲಗೆಯ ನಾಲ್ಕು ಮೂಲೆಗೆ ಅದರ ಭಾರ ಹೊರುವಷ್ಟು ಗಟ್ಟಿಯಾದ ಸ್ಪ್ರಿಂಗ್ ಕೊಡಿ. ಕೈಯ ಭಾರಕ್ಕೆ ಎರಡು ಮಿಲಿಮೀಟರ್ ಇಳಿದರೆ ಸಾಕು. ಹಲಗೆಯ ಅಡಿಗೆ ಪುಟ್ಟ ಅಯಸ್ಕಾಂತ, ಕೆಳಗೆ ರೀಡ್ ಸ್ವಿಚ್, ಅಂದರೆ ಅಯಸ್ಕಾಂತ ಹತ್ತಿರ ಬಂದಾಗ ತಾನೇ ಕೂಡಿಕೊಳ್ಳುವ ಸ್ವಿಚ್. ಗಾಜಿನೊಳಗೆ ಮುಚ್ಚಿದ ಸ್ವಿಚ್ಚಿಗೆ ತೇವ ತಾಗುವುದಿಲ್ಲ. ಪ್ರೋಗ್ರಾಮಿನಲ್ಲಿ 50 ಮಿಲಿಸೆಕೆಂಡು ಸ್ಥಿರವಾಗಿದ್ದರೆ ಮಾತ್ರ ಒಪ್ಪಿಕೊಳ್ಳುವಂತೆ ಮಾಡಿ. ಕಲ್ಲು ಹಗುರವಾಗಿರಲಿ: ಇಡೀ ಕಲ್ಲಿನ ಬದಲು ಎರಡಂಗುಲದ ಹೋಳು ಕೊಯ್ಯಿಸಿ.

ಕೈ ತೆಗೆದೊಡನೆ ಸದ್ದು ಕಡಿದುಬಿದ್ದರೆ ಬೈದ ಹಾಗಾಗುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಅಲೆ ಹಿಂದೆ ಸರಿಯುವಂತೆ ತಗ್ಗಲಿ.

ಪ್ರಶ್ನೆ: ಮನಸ್ಸು ಅಲೆಯುವುದು ದೋಷವೇ? ಪ್ರದರ್ಶನದಲ್ಲಿ ಏನೆಂದು ಬರೆಯಬೇಕು?
— ಅಕ್ಕಲಕೋಟೆ

ಉತ್ತರ: ದೋಷವೆಂದು ಬರೆಯಬೇಡಿ. ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ 2,250 ಜನರನ್ನು ಫೋನಿನ ಮೂಲಕ ಮುಂಚೆ ಹೇಳದ ಯಾವುದೋ ಹೊತ್ತಿನಲ್ಲಿ ವಿಚಾರಿಸಿದಾಗ ಶೇ. 46.9ರಷ್ಟು ಸಲ ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿ ಇರಲಿಲ್ಲ. ಆಗ ಜನರ ನೆಮ್ಮದಿ ಕಡಿಮೆಯಿದ್ದದ್ದೂ ಕಂಡಿತು. ಆದರೆ ನಾಳೆಯ ಯೋಜನೆ, ಹಳೆಯ ನೆನಪು, ಹೊಸ ಉಪಾಯ ಇವೆಲ್ಲ ಬರುವುದೂ ಆ ಅಲೆದಾಟದಲ್ಲೇ. ಫಲಕದಲ್ಲಿ ಎರಡನ್ನೂ ಬರೆಯಿರಿ.

ಪ್ರಶ್ನೆ: ನಮ್ಮಲ್ಲಿ ದೃಷ್ಟಿ ಮಂಜಾದ ಹಿರಿಯರು ಬಹಳ. ಅವರಿಗಾಗಿ ವಾಸನೆಯಿಂದ ಏನಾದರೂ ಮಾಡಬಹುದೇ?
— ತಾಳವಾಡಿ

ಉತ್ತರ: ಖಂಡಿತ ಮಾಡಬಹುದು. ವಾಸನೆಯಷ್ಟು ಬೇಗ ಮನಸ್ಸನ್ನು ಹಳೆಯ ಅಂಗಳಕ್ಕೆ ಒಯ್ಯುವುದು ಇನ್ನೊಂದಿಲ್ಲ. ಮುಚ್ಚಳವಿರುವ ಐದು ಸಣ್ಣ ಡಬ್ಬಿ ಸಾಕು: ಲಾವಂಚದ ಬೇರು, ಹುರಿದ ರಾಗಿ, ನಾಟಿ ಕೊತ್ತಂಬರಿ ಬೀಜ, ಮೊದಲ ಮಳೆಗೆ ನೆನೆದಂಥ ಮಣ್ಣು, ಹರಳೆಣ್ಣೆ. ಮಣ್ಣನ್ನು ಚೆನ್ನಾಗಿ ಒಣಗಿಸಿಟ್ಟು, ತೋರಿಸುವ ಮುನ್ನ ಒಂದು ಚಮಚ ನೀರು ಚಿಮುಕಿಸಿ; ಬೆಳಗ್ಗೆಯೇ ನೆನೆಸಿಟ್ಟರೆ ಮಧ್ಯಾಹ್ನಕ್ಕೆ ಮುಗ್ಗಲು ವಾಸನೆ. ಡಬ್ಬಿಯನ್ನು ಮೂಗಿನಿಂದ ನಾಲ್ಕು ಬೆರಳು ದೂರ ಹಿಡಿದು ಎರಡೇ ಉಸಿರು. ‘ಇದೇನು?’ ಎಂದು ಕೇಳಿದರೆ ಪರೀಕ್ಷೆಯಾಗುತ್ತದೆ. ‘ಎಲ್ಲಿಗೆ ಹೋದಿರಿ?’ ಎಂದು ಕೇಳಿ, ಹೇಳುವುದಕ್ಕೆ ಹೊತ್ತು ಕೊಡಿ. ಒಬ್ಬೊಬ್ಬರಿಗೆ ಮೂರು ಡಬ್ಬಿಗಿಂತ ಹೆಚ್ಚು ಬೇಡ, ಮೂಗು ಬೇಗ ಒಗ್ಗಿಹೋಗುತ್ತದೆ. ನಡುವೆ ಕಾಫಿಬೀಜ ಮೂಸಿಸುವ ರೂಢಿಯಿಂದ ವಿಶೇಷ ಲಾಭವಿಲ್ಲ, ಜಗಲಿಯ ಗಾಳಿ ಸಾಕು. ಅದೇ ಕೋಣೆಯಲ್ಲಿ ಊದುಬತ್ತಿ ಹಚ್ಚಬೇಡಿ. ಉಬ್ಬಸ ಇರುವವರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಮಗನ ಶಾಲೆಯಲ್ಲಿ ಇಂಥದೇ ಒಂದು ಕಂಪ್ಯೂಟರ್ ಆಟ ಆಡಿಸಿ, ಗಮನದಲ್ಲಿ ಯಾರು ಮೊದಲು, ಯಾರು ಕೊನೆ ಎಂದು ಪಟ್ಟಿ ಹಾಕುತ್ತಾರಂತೆ. ಅಂಕಿ ಮೂಡಿದಾಗೆಲ್ಲ ಒತ್ತಬೇಕು, 3 ಬಂದರೆ ಒತ್ತಬಾರದು. ಅವನ ಹೆಸರು ಕೊನೆಯಲ್ಲಿದೆ.
— ಕುಂಬಳೆ

ಉತ್ತರ: ಆ ಆಟದ ಮೂಲ ರಾಬರ್ಟ್‌ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪರೀಕ್ಷೆ. 225 ಅಂಕಿ, ಅದರಲ್ಲಿ 25 ಸಲ 3, ಒಟ್ಟು ನಾಲ್ಕು ನಿಮಿಷ ಚಿಲ್ಲರೆ. ಬೆರಳು ರೂಢಿಗೆ ಬಿದ್ದಾಗ ತಪ್ಪುವುದನ್ನು ತೋರಿಸಲು ಅದು ಒಳ್ಳೆಯ ಸಾಧನ. ಆದರೆ ಬೇಗ ಬೇಗ ಒತ್ತುವ ಮಗು ಹೆಚ್ಚು ತಪ್ಪುತ್ತದೆ, ನಿಧಾನಿಸುವ ಮಗು ಕಡಿಮೆ. ಹಿಂದಿನ ರಾತ್ರಿಯ ನಿದ್ದೆ, ಬೆಳಗಿನ ಹಸಿವು ಎಲ್ಲವೂ ಅದರಲ್ಲಿ ಸೇರುತ್ತದೆ. ಒಂದು ಸಲದ ಅಂಕದಿಂದ ನಿಮ್ಮ ಮಗನ ಬಗ್ಗೆ ಏನನ್ನೂ ತೀರ್ಮಾನಿಸಲಾಗದು, ಕಾಯಿಲೆಯ ಹೆಸರನ್ನಂತೂ ಹಚ್ಚಲೇಬಾರದು. ಮನೆಯಲ್ಲೂ ತರಗತಿಯಲ್ಲೂ ತಿಂಗಳುಗಟ್ಟಲೆ ತೊಂದರೆ ಕಂಡರೆ ಮಕ್ಕಳ ವೈದ್ಯರಲ್ಲಿ ಹೋಗಿ. ಅವರು ನೋಡುವ ಕ್ರಮವೇ ಬೇರೆ.

ಶಾಲೆಯವರೊಂದಿಗೆ ಜಗಳ ಬೇಡ, ಮೂರು ಕೋರಿಕೆ ಇಡಿ. ಗೋಡೆಯ ಪಟ್ಟಿ ತೆಗೆಯಲಿ. ಇಡೀ ತರಗತಿಯ ತಪ್ಪುಗಳನ್ನು ಒಟ್ಟು ಮಾಡಿ, ಎಷ್ಟನೇ ನಿಮಿಷದಲ್ಲಿ ಹೆಚ್ಚಿದವೆಂದು ಮಕ್ಕಳಿಂದಲೇ ನಕ್ಷೆ ಬರೆಸಲಿ. ಮುಂದಿನ ಸಲ ಆಡಿಸುವಾಗ ಆರಂಭದಲ್ಲಿ ಬರುವ ಹೆಸರಿನ ಜಾಗವನ್ನು ಖಾಲಿ ಬಿಡಿಸಲಿ.