ಅಪಾರ್ ಫಾರಂಗೆ ಸಹಿ ಹಾಕುವ ಮುಂಚೆ

ಮಗಳ ಶಾಲೆಯಿಂದ ಅಪಾರ್ ಐಡಿ (ವಿದ್ಯಾರ್ಥಿಯ ಓದಿನ ದಾಖಲೆಗಳನ್ನು ಒಂದೆಡೆ ಇಡಲು ಆಧಾರ್ ಆಧರಿಸಿ ಕೊಡುವ ಗುರುತಿನ ಸಂಖ್ಯೆ) ಫಾರಂ ಬಂದಿದೆ, ಆಧಾರ್‌ನಲ್ಲಿ ಹೆಸರು ಬೇರೆ ಥರ ಇದೆ, ಸಹಿ ಹಾಕಲೇಬೇಕಾ ಎಂದು ಕೇಳಿದ್ದೀರಿ. ಹಾಕಲೇಬೇಕೆಂದಿಲ್ಲ. ಅದು ಒಪ್ಪಿಗೆ ಪತ್ರ, ಒಪ್ಪದಿರುವ ಹಕ್ಕು ನಿಮಗಿದೆ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಬೇಡ ಅನ್ನಿಸಿದರೆ ಬಾಯಿಮಾತಲ್ಲಿ ಬಿಡಬೇಡಿ. 'ನನ್ನ ಮಗಳ ಅಪಾರ್ ಐಡಿಗೆ ನನ್ನ ಒಪ್ಪಿಗೆ ಇಲ್ಲ' ಎಂದು ಮುಖ್ಯ ಶಿಕ್ಷಕರಿಗೆ ಬರೆದುಕೊಡಿ, ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಳ್ಳಿ. ಆಮೇಲೂ ಒತ್ತಾಯ ಬಂದರೆ ಆ ಪ್ರತಿ ಇಟ್ಟು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ದೂರು ಕೊಡಿ.

ಮಾಡಿಸುವುದಾದರೆ ಮೊದಲು ಹೆಸರು ಸರಿಮಾಡಿಸಿ. ಯುಡೈಸ್ ಪ್ಲಸ್‌ನಲ್ಲಿ (ಶಾಲೆಗಳು ಮಕ್ಕಳ ವಿವರ ತುಂಬುವ ಸರ್ಕಾರಿ ಪೋರ್ಟಲ್) ಇರುವ ಹೆಸರು, ಲಿಂಗ, ಹುಟ್ಟಿದ ದಿನಾಂಕ ಆಧಾರ್‌ಗೆ ತಾಳೆಯಾಗದಿದ್ದರೆ ಐಡಿ ಆಗುವುದೇ ಇಲ್ಲ. ನಮ್ಮಲ್ಲಿ ಹೆಚ್ಚಾಗಿ ಕೈಕೊಡುವುದು ಇನಿಷಿಯಲ್: ಶಾಲೆಯಲ್ಲಿ 'ಕಾವ್ಯ ಎಂ.', ಆಧಾರ್‌ನಲ್ಲಿ 'ಕಾವ್ಯ ಮಂಜುನಾಥ'. ಅವಸರಕ್ಕೆ ಶಾಲೆಯ ದಾಖಲೆ ತಿದ್ದಿಸಬೇಡಿ, ಅದೇ ಹೆಸರು ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಗುತ್ತದೆ. ಜನನ ಪ್ರಮಾಣಪತ್ರ ತೆಗೆದು ನೋಡಿ, ಯಾವುದು ಅದಕ್ಕೆ ಹೊಂದುವುದಿಲ್ಲವೋ ಅದನ್ನೇ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅರ್ಜಿಯಲ್ಲಿ ಒಂದೊಂದು ಅಕ್ಷರವನ್ನೂ ನೋಡಿಯೇ ಕೊಡಿ.

ಸಹಿ ಹಾಕಿದರೂ ಒಪ್ಪಿಗೆಯನ್ನು ಆಮೇಲೆ ಹಿಂಪಡೆಯಬಹುದು, ಆದರೆ ಅಷ್ಟರಲ್ಲಿ ಹಂಚಿಕೆಯಾದ ಮಾಹಿತಿ ವಾಪಸ್ ಬರುವುದಿಲ್ಲ. ಫಾರಂನ ಫೋಟೊವನ್ನು ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಡಿ. ನಿಮ್ಮ ಗುರುತಿನ ಚೀಟಿ ನಂಬರೂ ಅದರಲ್ಲಿರುತ್ತದೆ. ಕಾಗದವನ್ನು ಶಿಕ್ಷಕರ ಕೈಗೇ ಕೊಡಿ.