‘ಮಗು ಏನೂ ತಿನ್ನಲ್ಲ ಮೇಡಂ’

(ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಾಯಿಸಿದ್ದೇನೆ.)

ಚಿಂತಾಮಣಿ ಕಡೆಯ ಕುಟುಂಬ. ಅಪ್ಪ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಅಮ್ಮ ಟೀಚರ್. ನಾಲ್ಕು ವರ್ಷದ ಮಗನನ್ನು ಹಗಲೆಲ್ಲ ನೋಡಿಕೊಳ್ಳುವುದು ಅಜ್ಜಿ. ಮಗುವಿನ ಊಟದ ಬಗ್ಗೆ ಸಲಹೆ ಕೇಳಲು ಅವರು ನನ್ನ ಹತ್ತಿರ ಬಂದಿದ್ದು ಮಗು ದಪ್ಪ ಆಯ್ತು ಅಂತಲ್ಲ. ‘ಏನೂ ತಿನ್ನಲ್ಲ ಮೇಡಂ, ಅನ್ನ ಬಾಯಿಗಿಟ್ಟರೆ ಉಗೀತಾನೆ’ ಅಂತ. ಇದೇ ವಿಷಯಕ್ಕೆ ಅತ್ತೆ ಸೊಸೆಗೆ ದಿನಾ ಜಗಳ.

ನಾವು ಮಾತಾಡುತ್ತಿರುವಾಗಲೇ ಅಜ್ಜಿ ಹುಡುಗನ ಕೈಗೆ ಮೊಬೈಲ್ ಕೊಟ್ಟರು. ಕಾರ್ಟೂನ್ ಶುರುವಾಯಿತು, ಅವನ ಬಾಯಿ ಸ್ವಲ್ಪ ತೆರೆಯಿತು. ತಕ್ಷಣ ಅರ್ಧ ಬಿಸ್ಕತ್ತು ಒಳಗೆ. ಅವನು ಏನು ಅಂತ ನೋಡಲೂ ಇಲ್ಲ, ಅಗಿದು ನುಂಗಿದ. ಇನ್ನರ್ಧ. ‘ಹಿಂಗೆ ಮಾಡಿದ್ರೇನೇ ಹೊಟ್ಟೆಗೆ ಏನಾದ್ರೂ ಹೋಗೋದು’ ಅಂದರು ಅಜ್ಜಿ.

ಹುಡುಗ 102 ಸೆಂ.ಮೀ. ಎತ್ತರ, 20.5 ಕೆಜಿ. ಈ ಎತ್ತರದ ಗಂಡುಮಕ್ಕಳು ಸಾಮಾನ್ಯವಾಗಿ 16 ಕೆಜಿ ಆಸುಪಾಸು ಇರುತ್ತಾರೆ. ಮಗುವಿನ ತೂಕ ಗುರುತು ಹಾಕುವ ತಾಯಿ ಕಾರ್ಡಿನ ಗೆರೆಯಲ್ಲಿ ಮಾತ್ರ ಅವನು ಹಸಿರು ಪಟ್ಟಿಯೊಳಗೇ, ಅಂದರೆ ತೂಕ ಸರಿ ಇದೆ ಅನ್ನುವ ಭಾಗದಲ್ಲೇ ಇದ್ದ. ಆ ಗೆರೆ ವಯಸ್ಸಿಗೆ ತಕ್ಕ ತೂಕ ಇದೆಯಾ ಅಂತಷ್ಟೇ ನೋಡುತ್ತದೆ. ತೂಕ ಕಡಿಮೆ ಇರುವ ಮಗುವನ್ನು ಹಿಡಿಯಲು ಒಳ್ಳೆಯದು, ಇಂಥವನು ತಪ್ಪಿಸಿಕೊಳ್ಳುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಎತ್ತರ–ತೂಕದ ಪಟ್ಟಿ ನೋಡಿದರೆ ಅವನದು ಅತಿತೂಕ. ನಮ್ಮ ಕಡೆ ಎಲ್ಲಿ ಬರುತ್ತೆ ಇದೆಲ್ಲ ಅನ್ನಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015–16ರಲ್ಲಿ ಶೇ. 2.1 ಇದ್ದರು, 2019–21ಕ್ಕೆ ಶೇ. 3.4 ಆದರು.

ಮೊದಲು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ಥೈರಾಯ್ಡ್ ಇರಬಹುದಾ ಅನ್ನೋದು ಅಪ್ಪನ ಅನುಮಾನ. ಥೈರಾಯ್ಡ್ ತೊಂದರೆ ಇದ್ದರೆ ಮಗು ಸಾಮಾನ್ಯವಾಗಿ ಎತ್ತರ ಬೆಳೆಯಲ್ಲ, ಇವನು ಚೆನ್ನಾಗಿಯೇ ಬೆಳೆಯುತ್ತಿದ್ದಾನೆ ಅಂದರು ಡಾಕ್ಟರ್. ಆದರೆ ಹಿಮೋಗ್ಲೋಬಿನ್ 9.8 ಬಂತು. ಈ ವಯಸ್ಸಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಗುಂಡಗಿರುವ ಮಗುವಿಗೆ ರಕ್ತ ಕಡಿಮೆಯಾ ಅಂತ ಅಜ್ಜಿ ನಂಬಲೇ ಇಲ್ಲ.

ಅದಕ್ಕೆ ಉತ್ತರ ಹಾಲಿನ ಲೋಟದಲ್ಲಿತ್ತು. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ ಅಂದಿದ್ದೆ. ದಿನಕ್ಕೆ ನಾಲ್ಕು ಲೋಟ ಹಾಲು, ಅಂದರೆ ಸುಮಾರು 800 ಮಿ.ಲೀ. ಒಂದೊಂದಕ್ಕೂ ಎರಡು ಚಮಚ ಸಕ್ಕರೆ, ಮೇಲೆ ಡಬ್ಬಿಯ ಪುಡಿ. ಹಾಲು ಸಕ್ಕರೆಯಿಂದಲೇ ಹೆಚ್ಚುಕಡಿಮೆ 700 ಕ್ಯಾಲೊರಿ, ಅವನಿಗೆ ಇಡೀ ದಿನಕ್ಕೆ ಬೇಕಾದ್ದರಲ್ಲಿ ಅರ್ಧ! ಸಂಜೆ ಅಪ್ಪ ತರುವ ಚಿಪ್ಸ್ ಪ್ಯಾಕೆಟ್ ಬೇರೆ. ಇಷ್ಟಾದ ಮೇಲೆ ಮುದ್ದೆ, ಸಾರು ಯಾರಿಗೆ ಬೇಕು? ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲ ಅನ್ನುವಷ್ಟು ಕಡಿಮೆ. ಹೊಟ್ಟೆಯೆಲ್ಲ ಹಾಲೇ ತುಂಬಿದರೆ ಕಾಳು, ಸೊಪ್ಪು, ಮೊಟ್ಟೆಗೆ ಜಾಗ ಎಲ್ಲಿ?

ಇದನ್ನೆಲ್ಲ ಅಜ್ಜಿಯ ಮುಂದಿಟ್ಟು ತಪ್ಪು ಹೊರಿಸಿದ್ದರೆ ಕೆಲಸ ಕೆಡುತ್ತಿತ್ತು. ಹುಟ್ಟಿದಾಗ ಹೇಗಿದ್ದ ಅಂತ ಕೇಳಿದೆ. ಎರಡು ಕೆಜಿ ನೂರು ಗ್ರಾಂ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ‘ಹೆಂಗಾದ್ರೂ ತೂಕ ಬರಿಸಿ ಅಂದ್ರು, ಬರಿಸಿದೆ’ ಅಂದರು. ನಿಜ, ಆ ಮಾತು ಆಗ ಬೇಕಿತ್ತು. ಇನ್ನು ಸಾಕು ಅಂತ ಮಾತ್ರ ಯಾರೂ ಬಂದು ಹೇಳಲಿಲ್ಲ. ಕಡಿಮೆ ತೂಕದಲ್ಲಿ ಹುಟ್ಟಿ ಆಮೇಲೆ ಬೇಗ ಬೇಗ ತೂಕ ಏರಿಸಿಕೊಂಡ ಮಕ್ಕಳಿಗೆ ಮುಂದೆ ಬೊಜ್ಜು, ಸಕ್ಕರೆ ಕಾಯಿಲೆಯ ಅಪಾಯ ಜಾಸ್ತಿ. ಜೊತೆಗೆ, ಒಂದು ವರ್ಷಕ್ಕೆ ಉಂಡೆಯಂತಿದ್ದ ಮಗು ಮೂರು ನಾಲ್ಕಕ್ಕೆ ತೆಳ್ಳಗಾಗುವುದೇ ಸಹಜ. ನಮ್ಮ ಮನೆಗಳಲ್ಲಿ ಅದನ್ನು ನೋಡಿ ‘ಅಯ್ಯೋ ಸೊರಗಿದಾನೆ’ ಅನ್ನುತ್ತೇವೆ, ಅಲ್ವಾ?

ನಾನು ಹೇಳಿದ್ದು ಇಷ್ಟು. ಪಥ್ಯ ಬೇಡ, ತೂಕ ಇಳಿಸುವುದೂ ಬೇಡ. ತೂಕ ಸುಮಾರಾಗಿ ಇದ್ದಲ್ಲೇ ನಿಂತು ಎತ್ತರ ಬೆಳೆದರೆ ಸಾಕು, ಡಾಕ್ಟರೂ ಅದನ್ನೇ ಹೇಳಿದ್ದರು. ಹಾಲು ಎರಡು ಲೋಟಕ್ಕೆ ನಿಲ್ಲಲಿ. ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಡಬ್ಬಿಯ ಪುಡಿ ಮುಗಿದ ಮೇಲೆ ಹೊಸದು ತರಬೇಡಿ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ಮನೆಯವರ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅವನ ಹೊಟ್ಟೆಗೇ ಬಿಡಿ. ಮೊಬೈಲ್ ತೋರಿಸಿ ತಿನ್ನಿಸಿದರೆ ಹೊಟ್ಟೆ ತುಂಬಿದ್ದು ಅವನಿಗೇ ಗೊತ್ತಾಗಲ್ಲ. ಆದ್ದರಿಂದ ಊಟದ ಹೊತ್ತಿಗೆ ಮೊಬೈಲ್ ಇಲ್ಲ, ಉಳಿದಂತೆ ದಿನಕ್ಕೆ ಒಂದು ಗಂಟೆ ದಾಟದಿರಲಿ. ಮೊದಲ ನಾಲ್ಕೈದು ದಿನ ಅವನು ರಂಪ ಮಾಡುತ್ತಾನೆ, ಕಡಿಮೆ ತಿನ್ನುತ್ತಾನೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದೆ. ಬಿಸ್ಕತ್ತಿನ ಜಾಗಕ್ಕೆ ಸೀಬೆಹಣ್ಣು, ಬೇಯಿಸಿದ ಅವರೆಕಾಳು, ಗೆಣಸು. ಸಂಜೆ ಅಂಗಳದಲ್ಲಿ ಓಡಾಟ. ಕೊನೆಯದಾಗಿ ‘ಗುಂಡಣ್ಣ’ ಅಂತ ಕರೆಯೋದು ನಿಲ್ಲಿಸಿ, ‘ದಪ್ಪ ಆಗ್ತೀಯ’ ಅಂತ ಹೆದರಿಸೋದೂ ಬೇಡ.

ಅಜ್ಜಿಗೆ ಒಂದು ಕೆಲಸ ಕೊಟ್ಟೆ. ಅವರ ಬಸ್ಸಾರು ಊರಿಗೇ ಹೆಸರಂತೆ. ಸೊಪ್ಪು ಬಿಡಿಸುವಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ ಅಂದೆ. ಇದಕ್ಕೆ ಮಾತ್ರ ಎರಡನೇ ಮಾತಿಲ್ಲದೆ ಒಪ್ಪಿದರು.

ಮೂರು ತಿಂಗಳ ನಂತರ ತೂಕ 20.6 ಇತ್ತು, ಎತ್ತರ ಸುಮಾರು ಎರಡು ಸೆಂ.ಮೀ. ಏರಿತ್ತು. ಡಾಕ್ಟರು ಕೊಟ್ಟ ಕಬ್ಬಿಣದ ಸಿರಪ್ ನಡೆಯುತ್ತಿದೆ. ಹಾಲು ಎರಡೂವರೆ ಲೋಟಕ್ಕೆ ಬಂದು ನಿಂತಿದೆ. ಮುದ್ದೆಯನ್ನು ತಾನೇ ಮುರಿದು ಸಾರಿನಲ್ಲಿ ಅದ್ದಿ ತಿನ್ನುತ್ತಾನೆ, ಅರ್ಧ ನೆಲದ ಮೇಲೆ ಅಂತ ಅಮ್ಮ ನಕ್ಕರು. ಚಿಪ್ಸ್ ಮಾತ್ರ ನಿಂತಿಲ್ಲ. ಅಪ್ಪ ಮನೆಗೆ ಬರುವ ಹೊತ್ತಿಗೆ ಹುಡುಗ ಗೇಟಿನಲ್ಲಿ ಕಾಯುತ್ತಿರುತ್ತಾನೆ, ಬರಿಗೈಯಲ್ಲಿ ಬರಲು ಅವರಿಗೆ ಮನಸ್ಸಾಗಲ್ಲ. ಮುಂದಿನ ಸಲ ಅಪ್ಪನೊಬ್ಬರೇ ಬರಲಿ ಅಂತ ಹೇಳಿ ಕಳಿಸಿದ್ದೇನೆ.