ಪ್ರತಿಕ್ರಿಯೆ: ನಂಬಿಕೆ ಹೋದ ಮೇಲೆ ಸೇವೆಗೆ ಮನಸ್ಸೇ ಬರ್ತಿಲ್ಲ
ಸೇವೆಗೆ ಮನಸ್ಸು ಬರದಿರೋದಕ್ಕೆ, ನಿಗದಿಯಾದ ದಿನ ಮತ್ತು ಜೊತೆಗಾರರು ಎರಡೂ ತಪ್ಪಿಹೋಗಿದ್ದೇ ಕಾರಣ ಇರಬೇಕು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದಾಸೋಹಕ್ಕೆ ನಿಲ್ಲುತ್ತಿದ್ದೆ, ದೇವರ ಮೇಲಿನ ನಂಬಿಕೆ ಹೋದ ಮೇಲೆ ಎರಡು ವರ್ಷದಿಂದ ಏನೂ ಮಾಡಿಲ್ಲ ಅಂದಿದ್ದೀರಿ. ಅಲ್ಲಿ ದಿನ, ಕೆಲಸ, ಜನ ಎಲ್ಲ ಸಿದ್ಧವಾಗಿರುತ್ತಿತ್ತು. ನೀವು ಸೌಟು ಹಿಡಿದರೆ ಸಾಕಿತ್ತು. ನನಗೂ ಹೀಗೇ ಆಗಿತ್ತು.

ಮೊದಲು ‘ಯಾಕೆ ಮಾಡಬೇಕು’ ಅನ್ನೋದನ್ನು ಪಕ್ಕಕ್ಕಿಡಿ. ಕಾರಣ ಸಿಕ್ಕ ಮೇಲೆ ಶುರು ಮಾಡೋಣ ಅಂದರೆ ಇನ್ನೊಂದು ವರ್ಷ ಹೋಗುತ್ತದೆ. ದಿನದ ಲೆಕ್ಕ ಇರುವ ಕೆಲಸ ಹಿಡಿಯಿರಿ. ನನಗೆ ಒಗ್ಗಿದ್ದು ರಕ್ತದಾನ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ (ಪ್ರತಿ ಡೆಸಿಲೀಟರ್‌ಗೆ) ಇರಬೇಕು. ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಜಾಸ್ತಿ ಇರುವ ಮಕ್ಕಳಿಗೆ 2ರಿಂದ 4 ವಾರಕ್ಕೊಮ್ಮೆ ರಕ್ತ ಬೇಕು. ಕೊಟ್ಟ ರಕ್ತದ ಕೆಂಪು ಕಣಗಳನ್ನು ಕೂಡಿಡಬಹುದಾದದ್ದು ಹೆಚ್ಚೆಂದರೆ 42 ದಿನ. ಅಂದರೆ ಒಂದೇ ದಿನ ನೂರು ಜನ ಕೊಟ್ಟರೂ ಎರಡು ತಿಂಗಳಲ್ಲಿ ಮತ್ತೆ ಖಾಲಿ. ಇದು ತಿಳಿದ ಮೇಲೆ ನನಗೆ ಪುಣ್ಯದ ಲೆಕ್ಕ ಬೇಕಾಗಲಿಲ್ಲ.

ಆಮೇಲೆ ಒಬ್ಬ ಗೆಳೆಯನನ್ನು ಎಳೆದುಕೊಳ್ಳಿ. ಒಬ್ಬರೇ ಇದ್ದರೆ ಬೇಸಿಗೆಯಲ್ಲಿ ನೆಪ ಸಿಗುತ್ತದೆ, ನಮ್ಮ ಕಡೆ ಬಿಸಿಲು ಗೊತ್ತಲ್ವಾ.

ದಾಸೋಹ ಪೂರ್ತಿ ಬಿಡಬೇಕಾ ಅಂತ ಕೇಳಿದ್ದೀರಿ. ನಾನಂತೂ ಬಿಟ್ಟಿಲ್ಲ, ಸುಮ್ನೆ ಹೋಗಿ ಬಡಿಸಿ ಬರುತ್ತೇನೆ. ಮನೆಯವರು ‘ದಾರಿಗೆ ಬಂದ’ ಅಂದುಕೊಂಡರೆ ನಿಮಗೆ ಕಿರಿಕಿರಿ ಆಗುತ್ತದೋ ಏನೋ, ಅದನ್ನು ನಾನು ಹೇಳಲಾರೆ.

ಈ ವಾರವೇ ಜಿಲ್ಲಾಸ್ಪತ್ರೆಯ ರಕ್ತನಿಧಿಗೆ ಹೋಗಿ ರಕ್ತದ ಗುಂಪು, ಫೋನ್ ನಂಬರ್ ಬರೆಸಿ. ತಿಂಡಿ ತಿಂದೇ ಹೋಗಿ.